ಮಂತ್ರಕ್ಕಿಂತ ಉಗುಳೇ ಜಾಸ್ತಿ

"ನನ್ನ ಲೋಕದಲ್ಲಿ ಮ್ಯಾಜಿಕ್ ಬಹಳ ಅಪರೂಪ" ಎಂದು ಡಂಜನ್ ಮಾಸ್ಟರ್ ಸಾಹೇಬರು, ಅಂದರೆ ದಾಳ ಉರುಳಿಸಿ ಪಾತ್ರ ವಹಿಸುವ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟದಲ್ಲಿ ಕಥೆ ನಡೆಸುವವರು, ಗಂಟಲು ಸರಿಪಡಿಸಿಕೊಳ್ಳುತ್ತಾರೆ. ಹಿಂದೆಯೇ ಹೌಸ್ ರೂಲ್ಸ್‌ನ, ಅಂದರೆ ಅವರೇ ಮಾಡಿಕೊಂಡ ನಿಯಮಗಳ, ದಪ್ಪ ಕಡತ ಮೇಜಿನ ಮೇಲೆ ದೊಪ್ಪನೆ ಬೀಳುತ್ತದೆ. ಇಲ್ಲದ ವಸ್ತುವಿಗೆ ಇಷ್ಟೊಂದು ನಿಯಮ!

ಮಾಂತ್ರಿಕನ ಪಾತ್ರ ಹಿಡಿದವನು ಮೊದಲೇ ಬಡಪಾಯಿ. ಆಟದ 1981ರ ಬೇಸಿಕ್ ಆವೃತ್ತಿಯ ಪ್ರಕಾರ ಒಂದನೇ ಲೆವೆಲ್‌ನಲ್ಲಿ ದಿನಕ್ಕೆ ಒಂದೇ ಮಂತ್ರ. ಹೇಳಿ ಮುಗಿಸಿದೊಡನೆ ಅದೂ ಮರೆತುಹೋಗುತ್ತದೆ; ಮರುದಿನ ಮತ್ತೆ ಉರು ಹೊಡೆಯಬೇಕು. ಕವಚ ತೊಡುವಂತಿಲ್ಲ, ಬಾಕು ಬಿಟ್ಟು ಬೇರೆ ಆಯುಧ ಹಿಡಿಯುವಂತಿಲ್ಲ. ಜೀವಬಲಕ್ಕೆ ನಾಲ್ಕು ಮುಖದ ದಾಳ. ಒಂದು ಬಿದ್ದರೆ ಬೆಕ್ಕು ಪರಚಿದರೂ ಶಿವನ ಪಾದ. ಕ್ಲೆರಿಕ್‌ಗಂತೂ, ಅಂದರೆ ದೇವರ ಬಲದಿಂದ ಮಂತ್ರ ಹೇಳುವ ಪುರೋಹಿತನಿಗೆ, ಮೊದಲ ಲೆವೆಲ್‌ನಲ್ಲಿ ಮಂತ್ರವೇ ಇಲ್ಲ. ದೇವರು ಇನ್ನೂ ಪ್ರೊಬೇಷನ್‌ನಲ್ಲಿ ಇಟ್ಟಿರುತ್ತಾನೆ.

ಆ ಜಿಪುಣತನಕ್ಕೆ ಒಂದು ಲೆಕ್ಕವಿತ್ತು, ಅದನ್ನು ಒಪ್ಪಬೇಕು. ಇದ್ದೊಂದು 'ಸ್ಲೀಪ್' ಮಂತ್ರಕ್ಕೆ ಗಾಬ್ಲಿನ್ ಎಂಬ ಕುಳ್ಳ ರಾಕ್ಷಸರ ಗುಂಪೇ ಗೊರಕೆ ಹೊಡೆಯುತ್ತಿತ್ತು. ನಮ್ಮ ಸಾಹೇಬರು ಅದಕ್ಕೂ ಕತ್ತರಿ ಹಾಕಿದ್ದಾರೆ. ಮಂತ್ರ ಹೇಳುವ ಮುನ್ನ ದಾಳ ಉರುಳಿಸಬೇಕು. ತಪ್ಪಿದರೆ ಬೆರಳು ಹೋಗುತ್ತದೆ, ಗೆದ್ದರೆ ಊರವರು ಕಲ್ಲು ಹೊಡೆಯುತ್ತಾರೆ.

ಸರಿ ಎಂದು ನೆಲಮಾಳಿಗೆಗೆ ಇಳಿಯಿರಿ. ಮೊದಲ ಕೋಣೆಯಲ್ಲೇ ಅಸ್ಥಿಪಂಜರಗಳ ಕವಾಯತು. ಎರಡನೆಯದರಲ್ಲಿ ಕಲ್ಲಿನ ಬೊಂಬೆ ಒಗಟು ಕೇಳುತ್ತದೆ. ಕಾರಿಡಾರಿನುದ್ದಕ್ಕೂ ಎಣ್ಣೆಯಿಲ್ಲದೆ ಉರಿಯುವ ದೀಪಗಳು. ಕೊನೆಯ ಕೋಣೆಯ ಖಳ ಸಾವಿರ ವರ್ಷದಿಂದ ಸಾಯದೆ ಕೂತಿದ್ದಾನೆ, ಬೇಕೆಂದಾಗ ಮಾಯವಾಗುತ್ತಾನೆ, ಆದರೆ ಅವನ ಹತ್ತೂ ಬೆರಳು ಭದ್ರ. "ಇದೆಲ್ಲ ಎಲ್ಲಿಂದ ಬಂತು?" ಎಂದರೆ "ಪ್ರಾಚೀನ ನಾಗರಿಕತೆ" ಎಂಬ ಉತ್ತರ ಸಿದ್ಧ.

ಇಷ್ಟೆಲ್ಲ ದಾಟಿದವರಿಗೆ ಬಹುಮಾನ ಒಂದು +1 ಕತ್ತಿ, ಅಂದರೆ ಹೊಡೆಯುವಾಗ ದಾಳಕ್ಕೆ ಒಂದಂಕ ಸೇರಿಸುವ ಮಾಯಾಕತ್ತಿ. ಇಪ್ಪತ್ತು ಮುಖದ ದಾಳದ ಮೇಲೆ ಶೇಕಡ 5ರಷ್ಟು ಅನುಕೂಲ. ಅದಕ್ಕೆ ಮುನ್ನ ಕಮ್ಮಾರನ ವಂಶಾವಳಿಯ ಹರಿಕಥೆ ಕೇಳಬೇಕು. ಕತ್ತಿಯಲ್ಲಿ ಏನಿದೆಯೆಂದು ತಿಳಿಯಲು ಸಾಹೇಬರು ಇದೇ ಆಟದ ಅಡ್ವಾನ್ಸ್ಡ್ ಆವೃತ್ತಿಯ 1978ರ ನಿಯಮವನ್ನು ಅಕ್ಷರಶಃ ಪಾಲಿಸುತ್ತಾರೆ: ಕನಿಷ್ಠ 100 ಚಿನ್ನದ ನಾಣ್ಯ ಬೆಲೆಯ ಮುತ್ತನ್ನು ಗೂಬೆಯ ಗರಿಯ ಜೊತೆ ವೈನ್‌ನಲ್ಲಿ ನೆನೆಸಿ, ಆ ವೈನನ್ನು ಮಾಂತ್ರಿಕ ಕುಡಿಯಬೇಕು. ಮೇಲೆ ವಿಶ್ರಾಂತಿ ಪಡೆಯುವ ತನಕ 8 ಅಂಕ ದೇಹದಾರ್ಢ್ಯವೂ ಹೋಗುತ್ತದೆ.

ಖಳನ ಮಂತ್ರದಂಡಕ್ಕೆ ಕೈ ಹಾಕಿದಿರೋ, ಅದು ಬೂದಿಯಾಗುತ್ತದೆ. ಕಡತದಲ್ಲಿ ಅದಕ್ಕೂ ಒಂದು ನಿಯಮವಿದೆ. ಮುಂದಿನ ವಾರದ ಖಳನ ಹತ್ತಿರ ಅಂಥವು ಎರಡಿರುತ್ತವೆ.