ಎಮರ್ಜೆನ್ಸಿಯಲ್ಲಿ ಸಣ್ಣ ಕೇಸುಗಳಿಗೆ ಬೇರೆ ಸಾಲು ಬೇಕಾ?

ಪರ: ಬೇಕು, ಬೆರಳಿನ ಹೊಲಿಗೆಗೆ ಬೆಡ್ ಯಾಕೆ?

ಹೊಲಿಗೆ ಹಾಕೋದಕ್ಕೆ ಹತ್ತೇ ನಿಮಿಷ, ಆ ಹತ್ತು ನಿಮಿಷಕ್ಕೆ ನಾಲ್ಕು ಗಂಟೆ ಕಾಯಬೇಕು. ಬೆರಳು ಕುಯ್ದುಕೊಂಡು ಎಮರ್ಜೆನ್ಸಿಗೆ ಹೋದವರಿಗೆ ಇದು ಗೊತ್ತಿರುತ್ತದೆ. ಇದರಲ್ಲಿ ಯಾರ ಸೋಮಾರಿತನವೂ ಇಲ್ಲ. ಟ್ರಯಾಜ್, ಅಂದರೆ ಯಾರನ್ನು ಮೊದಲು ನೋಡಬೇಕು ಅಂತ ವಿಂಗಡಿಸುವ ಪದ್ಧತಿಯೇ ಹಾಗೆ. ಬಂದವರನ್ನು ನರ್ಸ್ ಮೊದಲು ನೋಡಿ 1ರಿಂದ 5ರವರೆಗೆ ಒಂದು ನಂಬರ್ ಕೊಡುತ್ತಾರೆ. ಆಸ್ಟ್ರೇಲಿಯಾದವರ ಪಟ್ಟಿಯಲ್ಲಿ 1 ಅಂದರೆ ತಕ್ಷಣ, 2 ಅಂದರೆ 10 ನಿಮಿಷದೊಳಗೆ, 3ಕ್ಕೆ 30, 4ಕ್ಕೆ 60, 5ಕ್ಕೆ 120 ನಿಮಿಷ. ಜೀವ ಹೋಗುವಂತಿರುವವರು ಮೊದಲು, ಸರಿಯೇ. ಆದರೆ ಸಾಲು ಒಂದೇ ಇದ್ದರೆ 5ನೇ ನಂಬರಿನವರು ಇನ್ನೇನು ಒಳಗೆ ಹೋಗಬೇಕು ಅನ್ನುವಷ್ಟರಲ್ಲಿ ಆಂಬ್ಯುಲೆನ್ಸ್ ಬರುತ್ತದೆ, ಮತ್ತೆ ಹಿಂದಕ್ಕೆ, ಮತ್ತೊಂದು ಆಂಬ್ಯುಲೆನ್ಸ್, ಮತ್ತೆ ಹಿಂದಕ್ಕೆ.

ಅದಕ್ಕೇ ಫಾಸ್ಟ್ ಟ್ರ್ಯಾಕ್, ಸಣ್ಣ ಕೇಸುಗಳದ್ದೇ ಬೇರೆ ಸಾಲು. ಪಕ್ಕದಲ್ಲೊಂದು ಕೋಣೆ, ಒಬ್ಬ ಡಾಕ್ಟರ್ ಅಥವಾ ತರಬೇತಿಯಾದ ನರ್ಸ್, ನಾಲ್ಕು ಕುರ್ಚಿ. ಅಷ್ಟೇ. ಕಾಲು ಉಳುಕಿದವರನ್ನು ಮಲಗಿಸಿಕೊಂಡು ಯಾಕೆ ಬೆಡ್ ಕಟ್ಟಿಹಾಕಬೇಕು? ಎಕ್ಸ್-ರೇ ಬೇಕೋ ಬೇಡವೋ ಅನ್ನೋದಕ್ಕೂ ಡಾಕ್ಟರನ್ನೇ ಕಾಯಬೇಕಿಲ್ಲ. 1992ರಲ್ಲಿ ಬಂದ ಒಟ್ಟಾವಾ ಆಂಕಲ್ ನಿಯಮ ಇದೆ. ಮೂಳೆಯ ಇಂತಿಂಥ ಜಾಗ ಒತ್ತಿದರೆ ನೋವಾಗುತ್ತಾ, ನಾಲ್ಕು ಹೆಜ್ಜೆ ಇಡೋಕೆ ಆಗುತ್ತಾ ಅಂತ ನೋಡಿದರೆ ಸಾಕು, ತರಬೇತಿ ಇರುವ ನರ್ಸೇ ತೀರ್ಮಾನ ಮಾಡಬಹುದು.

ಈಗ ಲೆಕ್ಕ. ಒಳಗಿರುವ ಜನ ಅಂದರೆ ಗಂಟೆಗೆ ಬರುವವರು ಗುಣಿಸು ಒಬ್ಬೊಬ್ಬರು ಇರುವ ಹೊತ್ತು. 1961ರಲ್ಲಿ ಜಾನ್ ಲಿಟಲ್ ಅನ್ನುವ ಅಮೆರಿಕದ ಪ್ರೊಫೆಸರ್ ಇದನ್ನು ಗಣಿತದಲ್ಲಿ ಸಾಧಿಸಿ ತೋರಿಸಿದರು, ಅಂಗಡಿ ಸಾಲಿಗೂ ಇದೇ, ಆಸ್ಪತ್ರೆಗೂ ಇದೇ. ಗಂಟೆಗೆ 10 ಜನ ಬಂದು ತಲಾ 4 ಗಂಟೆ ಇದ್ದರೆ ಒಳಗೆ ಯಾವಾಗ ನೋಡಿದರೂ 40 ಜನ. ಆ 10ರಲ್ಲಿ 4 ಸಣ್ಣ ಕೇಸು ಅಂದುಕೊಳ್ಳಿ, ಅವರನ್ನು ಒಂದೇ ಗಂಟೆಯಲ್ಲಿ ಕಳಿಸಿದರೆ 28ಕ್ಕೆ ಇಳಿಯುತ್ತದೆ. ಅಷ್ಟು ಗದ್ದಲ ಕಡಿಮೆ. "ನಮ್ಮ ಸರದಿ ಯಾವಾಗ" ಅಂತ ನರ್ಸನ್ನು ಕೇಳುವವರೂ ಕಡಿಮೆ.

ಇನ್ನೊಂದು, ಕಾದು ಕಾದು ತೋರಿಸಿಕೊಳ್ಳದೇ ಎದ್ದು ಹೋಗುವವರು. ಅವರಲ್ಲಿ ಎಲ್ಲರೂ ಸುಮ್ನೆ ಬಂದವರಲ್ಲ, ಕೆಲವರಿಗೆ ನಿಜವಾಗಿಯೂ ಕಾಯಿಲೆ ಇರುತ್ತದೆ.

ವಿರೋಧ: ಬೇಡ, ಸಿಕ್ಕಿಕೊಂಡಿರುವುದು ಬಾಗಿಲಲ್ಲಲ್ಲ

ಆ 28ರ ಲೆಕ್ಕವನ್ನು ಇನ್ನೊಂದು ಸಲ ನೋಡಿ. ಉಳಿದ 6 ಜನರ 4 ಗಂಟೆ ಹಾಗೇ ಇದೆ, ಅಲ್ವಾ? ಎದೆನೋವು, ಉಸಿರಾಟದ ತೊಂದರೆ, ಅಪಘಾತ, ಯಾರಿಗೋಸ್ಕರ ಈ ವಿಭಾಗ ಇದೆಯೋ ಅವರಿಗೆ ಒಂದು ನಿಮಿಷವೂ ಉಳಿದಿಲ್ಲ. ಸರಾಸರಿ ಮಾತ್ರ ಚೆಂದ ಕಾಣುತ್ತದೆ.

ಸರಾಸರಿಯ ಹಿಂದೆ ಬಿದ್ದರೆ ಏನಾಗುತ್ತದೆ ಅಂತ ಇಂಗ್ಲೆಂಡಿನಲ್ಲಿ ನೋಡಿದ್ದಾಗಿದೆ. 4 ಗಂಟೆಯೊಳಗೆ 98% ರೋಗಿಗಳು ಎಮರ್ಜೆನ್ಸಿ ಬಿಟ್ಟಿರಬೇಕು ಅಂತ ಗುರಿ ಇಟ್ಟರು, 2010ರಲ್ಲಿ ಅದನ್ನು 95%ಗೆ ಇಳಿಸಿದರು. ಕಾಯುವ ಹೊತ್ತೇನೋ ಕಡಿಮೆಯಾಯಿತು, ಅದನ್ನು ಒಪ್ಪಬೇಕು. ಆದರೆ 4 ಗಂಟೆ ಮುಟ್ಟುವ ಕೊನೆಯ ಕೆಲವು ನಿಮಿಷಗಳಲ್ಲೇ ಗುಂಪುಗುಂಪಾಗಿ ರೋಗಿಗಳು ಹೊರಬೀಳುತ್ತಿದ್ದರು. ಆ ಕೊನೇ ನಿಮಿಷದಲ್ಲಿ ಎಲ್ಲರ ಕಾಯಿಲೆಯೂ ಒಟ್ಟಿಗೇ ವಾಸಿಯಾಯಿತಾ?

ನಿಜವಾದ ಗಂಟು ಬೇರೆ ಕಡೆ ಇದೆ. ಎಮರ್ಜೆನ್ಸಿಯಲ್ಲಿ 20 ಬೆಡ್ ಇವೆ ಅಂದುಕೊಳ್ಳಿ. 8ರಲ್ಲಿ ಅಡ್ಮಿಟ್ ಅಂತ ಬರೆದಾಗಿರುವವರೇ ಮಲಗಿದ್ದಾರೆ, ಮೇಲಿನ ವಾರ್ಡಿನಲ್ಲಿ ಜಾಗ ಇಲ್ಲ. ಅಲ್ಲಿ ಯಾಕಿಲ್ಲ ಅಂದರೆ ಮನೆಗೆ ಹೋಗಬಹುದಾದ ರೋಗಿಯ ಡಿಸ್ಚಾರ್ಜ್ ಕಾಗದಕ್ಕೆ ಸಹಿ ಬೀಳುವಾಗ ಮಧ್ಯಾಹ್ನ ಮೂರಾಗುತ್ತದೆ, ಮುಂಚೆಯೇ ದಿನ ಗೊತ್ತುಮಾಡಿದ ಆಪರೇಷನ್ನುಗಳೆಲ್ಲ ವಾರದ ಎರಡೇ ದಿನಕ್ಕೆ ಗುಡ್ಡೆ ಬಿದ್ದಿರುತ್ತವೆ, ಶನಿವಾರ ಭಾನುವಾರ ಸ್ಕ್ಯಾನ್ ವಿಭಾಗ ಅರ್ಧ ನಿದ್ದೆಯಲ್ಲಿರುತ್ತದೆ. ಬಾಕಿ 12 ಬೆಡ್‌ನಲ್ಲಿ ಊರಿನ ತುರ್ತೆಲ್ಲ ನಡೀಬೇಕು. ಬೆರಳು ಕುಯ್ದುಕೊಂಡವರು ಆ 8 ಬೆಡ್‌ನಲ್ಲಿ ಒಂದನ್ನೂ ಹಿಡಿದಿಲ್ಲ. ಅವರು ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ, ಪಾಪ.

ಫಾಸ್ಟ್ ಟ್ರ್ಯಾಕ್ ಡಾಕ್ಟರ್ ಆಕಾಶದಿಂದ ಇಳಿದು ಬರುವುದಿಲ್ಲ. ಇದ್ದ ಮೂವರಲ್ಲಿ ಒಬ್ಬರನ್ನು ಅಲ್ಲಿ ಕೂರಿಸಬೇಕು. ಆ ಕೋಣೆಯಲ್ಲಿ ಯಾರೂ ಇಲ್ಲದ ಹೊತ್ತಿಗೇ ಈ ಕಡೆ ಇಬ್ಬರು ಹೃದಯಾಘಾತದವರು ಬಂದರೆ? ಗೋಡೆ ಹಾಕಿ ಹಂಚಿಕೊಂಡರೆ ಒಂದು ಕಡೆ ಕೈ ಖಾಲಿ, ಇನ್ನೊಂದು ಕಡೆ ಕೈ ಸಾಲದು.

ನನಗೆ ಜಾಸ್ತಿ ಹೆದರಿಕೆ ಇರೋದು ಲೇಬಲ್ಲಿನದು. ಹೃದಯಾಘಾತ ಎಲ್ಲರಿಗೂ ಎದೆ ಹಿಡಿದುಕೊಳ್ಳುವಂತೆ ಬರುವುದಿಲ್ಲ. ಹೆಂಗಸರಿಗೆ, ವಯಸ್ಸಾದವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಬರೀ ಸುಸ್ತು, ದವಡೆ ನೋವು, ಹೊಟ್ಟೆ ತೊಳಸುವುದು ಇಷ್ಟೇ ಇರಬಹುದು. ಹೃದಯದ ತೊಂದರೆ ಅಂತ ಅನುಮಾನ ಬಂದರೆ 10 ನಿಮಿಷದೊಳಗೆ ಇಸಿಜಿ ಆಗಬೇಕು ಅನ್ನುತ್ತದೆ ನಿಯಮ. ಆದರೆ ಸಣ್ಣ ಕೇಸು ಅಂತ ಒಮ್ಮೆ ಪಕ್ಕದ ಕೋಣೆಗೆ ಕಳಿಸಿಬಿಟ್ಟರೆ ಆ ಅನುಮಾನವೇ ಬರುವುದಿಲ್ಲವಲ್ಲ. ಅಲ್ಲಿರುವವರ ಕಣ್ಣು ಬೇಗ ಮುಗಿಸುವುದರ ಮೇಲಿರುತ್ತದೆ.

ಸಂಜೆ ಹೊತ್ತು ಸಣ್ಣ ಗಾಯದವರೇ ನುಗ್ಗಿ ಬರುವ ಆಸ್ಪತ್ರೆಯಾದರೆ ಆ ನಾಲ್ಕೈದು ಗಂಟೆಗೆ ಬೇರೆ ಸಾಲು ಮಾಡಿಕೊಳ್ಳಲಿ, ತಕರಾರಿಲ್ಲ. ಉಳಿದ ಕಡೆ ಮೊದಲು ಒಂದು ವಾರದ ರಿಜಿಸ್ಟರ್ ತೆಗೆದು ನೋಡಲಿ. ರಾತ್ರಿ 8ಕ್ಕೆ ಅಡ್ಮಿಟ್ ಅಂತ ಬರೆದ ರೋಗಿ ಮೇಲಿನ ವಾರ್ಡಿಗೆ ಹೋಗಿದ್ದು ಎಷ್ಟು ಗಂಟೆಗೆ? ಮರುದಿನ 11ಕ್ಕೆ ಅಂತಿದ್ದರೆ, ಫಾಸ್ಟ್ ಟ್ರ್ಯಾಕಿನಲ್ಲಿ ಕೂರಿಸಬೇಕು ಅಂದುಕೊಂಡ ಡಾಕ್ಟರನ್ನು ಬೆಳಗ್ಗೆ 7ಕ್ಕೆ ವಾರ್ಡಿಗೆ ಕಳಿಸಿ ಡಿಸ್ಚಾರ್ಜ್ ಬರೆಸಲಿ.