ತಳ್ಳಿದ ಕೈ ಫೋಟೋದಲ್ಲಿಲ್ಲ

"ಮೊದಲ ದಿನವೇ ಎಬ್ಬಿಸಿ ನಿಲ್ಲಿಸುತ್ತೇವೆ, ಗ್ಯಾರಂಟಿ!" ಹಲಗೆಯ ಮೇಲೆ ನಿಂತು ಅಲೆ ಸವಾರಿ ಕಲಿಸುವ ಸರ್ಫ್ ಕ್ಯಾಂಪಿನ ಈ ಜಾಹೀರಾತಿನಲ್ಲಿ ಸುಳ್ಳೇನೂ ಇಲ್ಲ. ಎಲ್ಲಿ ನಿಲ್ಲಿಸುತ್ತಾರೆ ಅಂತ ಹೇಳಿಲ್ಲ, ಅಷ್ಟೇ. ಮೊದಲು ನಿಲ್ಲಿಸುವುದು ಒಣ ಮರಳಿನ ಮೇಲೆ. ಬೋರ್ಡಿನ ಮೇಲೆ ಬೋರಲು ಮಲಗಿ, ಎದೆಯ ಪಕ್ಕ ಅಂಗೈ ಊರಿ, ಒಂದೇ ನೆಗೆತಕ್ಕೆ ಎದ್ದು ನಿಲ್ಲಬೇಕು. ಇದೇ ಪಾಪ್-ಅಪ್. ಇಲ್ಲಿ ಎಲ್ಲರೂ ಚಾಂಪಿಯನ್ನರೇ. ಮರಳು ಅಲುಗಾಡುವುದಿಲ್ಲವಲ್ಲ!

ಆಮೇಲೆ ಸೊಂಟದ ಮಟ್ಟದ ನೀರು. ಕೈಗೆ ಬಾಗಿಲಷ್ಟು ದೊಡ್ಡ ಫೋಮ್ ಬೋರ್ಡು. ಕಲಿಯುವವರಿಗೆ ಅದೇ ಸರಿ, ಬಿದ್ದರೂ ಪೆಟ್ಟು ಕಡಿಮೆ. ಆದರೆ ಜಾಹೀರಾತಿನ ಚಿತ್ರದಲ್ಲಿದ್ದದ್ದು ಚೂಪು ಮೂತಿಯ ಸಣ್ಣ ಬೋರ್ಡು, ತಲೆಯೆತ್ತರದ ಹಸಿರು ಅಲೆ. ಇಲ್ಲಿ ಬರುವುದು ನೊರೆ. ಎಲ್ಲೋ ದೂರದ ಕಡಲಿನಲ್ಲಿ ಗಾಳಿಗೆ ಹುಟ್ಟಿದ ಅಲೆ, ಆಳ ಕಡಿಮೆಯಾದಲ್ಲಿ ಮುಗ್ಗರಿಸಿ, ಮುರಿದು, ಸುಸ್ತಾಗಿ ದಡಕ್ಕೆ ಬಂದಿರುತ್ತದೆ. ಹೊಸಬರ ಪಾಲಿಗೆ ಅದರ ಕೊನೆಯುಸಿರು.

ಅದನ್ನೂ ಹಿಡಿಯುವುದು ಹೊಸಬರಲ್ಲ, ಕೋಚ್. ಬೆನ್ನ ಹಿಂದೆ ನಿಂತು ಅಲೆ ನೋಡುವುದು, ಆರಿಸುವುದು, ಬೋರ್ಡಿನ ಬಾಲ ಹಿಡಿದು "ಈಗ!" ಎಂದು ತಳ್ಳುವುದು, ಎಲ್ಲಾ ಅವರದೇ. ಶಿಷ್ಯ ಎರಡು ಸೆಕೆಂಡು ನಿಂತು, ಮೂರನೆಯದಕ್ಕೆ ಕಡಲು ಸೇರುತ್ತಾನೆ. ಆ ಎರಡು ಸೆಕೆಂಡಿನಲ್ಲಿ ಕ್ಯಾಮೆರಾ ಕ್ಲಿಕ್ ಆಗಬೇಕು, ತಳ್ಳಿದ ಕೈ ಚಿತ್ರದೊಳಗೆ ಬರಬಾರದು. ಇಡೀ ಕ್ಯಾಂಪಿನಲ್ಲಿ ಅತಿ ಕಷ್ಟದ ಕೆಲಸ ಫೋಟೋ ತೆಗೆಯುವವರದು, ಪಾಪ.

ಈ ಗಡಿಬಿಡಿಯ ನಡುವೆ ಕೋಚ್ ಒಂದು ಮಾತು ಹೇಳಿರುತ್ತಾರೆ. ರಿಪ್ ಕರೆಂಟ್, ಅಂದರೆ ದಡದಿಂದ ಕಡಲಿನತ್ತ ಹರಿಯುವ ನೀರಿನ ಸೆಳೆತ, ಒಳಗೆ ಎಳೆದರೆ ಅದಕ್ಕೆ ಎದುರಾಗಿ ಈಜಬೇಡಿ, ಬೋರ್ಡು ಬಿಡಬೇಡಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಿರಿ. ಜೀವ ಉಳಿಸುವ ಮಾತು. ಅಷ್ಟು ಹೊತ್ತಿಗೆ ಶಿಷ್ಯರು ಯಾವ ಬಣ್ಣದ ಅಂಗಿ ಡ್ರೋನ್‌ನಲ್ಲಿ ಚೆನ್ನಾಗಿ ಕಾಣುತ್ತದೆ ಎಂಬ ಚರ್ಚೆಯಲ್ಲಿರುತ್ತಾರೆ. ಅರ್ಜಿಯಲ್ಲಿ "ಈಜು ಬರುತ್ತದೆಯೇ?" ಎಂಬ ಪ್ರಶ್ನೆಗೆ "ಸ್ವಲ್ಪ" ಅಂತ ಬರೆದವರೂ ಅಲ್ಲೇ ಇದ್ದಾರೆ. ಸರ್ಫಿಂಗನ್ನು ಜಗತ್ತಿಗೆ ಪರಿಚಯಿಸಿದ ಹವಾಯಿಯ ಡ್ಯೂಕ್ ಕಹಾನಮೋಕು 1912ರ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಈಜಿನ ಚಿನ್ನ ಗೆದ್ದವರು. ಪಾಪ, ಅವರ ಕಾಲದಲ್ಲಿ ಡ್ರೋನ್ ಇರಲಿಲ್ಲ. ಈಜಲೇಬೇಕಿತ್ತು.

ಮೂರನೆಯ ಸಂಜೆಗೆ ಎಲ್ಲರೂ ಜ್ಞಾನಿಗಳು. "ಕಡಲು ನನಗೆ ತಾಳ್ಮೆ ಕಲಿಸಿತು" ಎಂದು ಬರೆದು, ನೆಟ್‌ವರ್ಕ್ ನಿಧಾನವಾಯಿತೆಂದು ಮ್ಯಾನೇಜರನ್ನು ಬೈಯುತ್ತಾರೆ. ವಾರದ ಕೊನೆಗೆ ಸರ್ಟಿಫಿಕೇಟು: "ಎರಡನೇ ಹಂತ ಪೂರೈಸಿದ್ದಾರೆ." ಒಲಿಂಪಿಕ್ಸ್ ಮಂದಿ ಸರ್ಫಿಂಗನ್ನು ಸೇರಿಸಿಕೊಂಡದ್ದು 2021ರಲ್ಲಿ ನಡೆದ ಟೋಕಿಯೊ ಕೂಟಕ್ಕೆ. ಅಷ್ಟು ವರ್ಷ ಯೋಚಿಸುವಂಥದ್ದು ಏನಿತ್ತೋ! ಕ್ಯಾಂಪಿನವರನ್ನು ಕೇಳಿದ್ದರೆ ಏಳೇ ದಿನದ ಕೆಲಸ.

ಸರ್ಟಿಫಿಕೇಟು ಸಿಕ್ಕಿದವರು ಮುಂದಿನ ರಜೆಗೆ ಸಣ್ಣ ಬೋರ್ಡು ಬಾಡಿಗೆಗೆ ಹಿಡಿದು, ನುರಿತವರು ಕಾದು ಕೂತ ಜಾಗಕ್ಕೇ ಹೋಗುತ್ತಾರೆ. ಅಲೆ ಎಲ್ಲಿ ಮೊದಲು ಮುರಿಯುತ್ತದೋ ಅದಕ್ಕೆ ಹತ್ತಿರ ಇರುವವರದೇ ಆ ಅಲೆ, ಅದು ಅಲ್ಲಿನ ನಿಯಮ. ಇವರು ಅವರ ಮುಂದೆಯೇ ನುಗ್ಗುತ್ತಾರೆ. ಹಿಂದಿನಿಂದ ಯಾರೋ ಜೋರಾಗಿ ಕೂಗುತ್ತಾರೆ. ಹುರಿದುಂಬಿಸುತ್ತಿದ್ದಾರೆ ಅಂದುಕೊಂಡು ಇವರು ತಿರುಗಿ ಕೈ ಬೀಸುತ್ತಾರೆ.