ನೋವು ಹೋದ ಮೇಲೂ ಉಳಿಯುವ ಕುಂಟು

ಅಮ್ಮನ ಬಲ ಸೊಂಟದ ಕೀಲನ್ನು ಬದಲಿಸಿ ಏಳು ತಿಂಗಳಾಯಿತು. ವರ್ಷಗಟ್ಟಲೆ ನಿದ್ದೆಗೆಡಿಸಿದ್ದ ನೋವು ಕೆಲವೇ ವಾರಗಳಲ್ಲಿ ಮಾಯವಾಯಿತಾದರೂ ನಡೆಯುವಾಗ ಮೈ ಬಲಕ್ಕೆ ವಾಲುವುದು ನಿಲ್ಲಲಿಲ್ಲ. ನೋಡಲು ಬಂದ ನೆಂಟರು ‘ಆಪರೇಷನ್ ಕೆಟ್ಟಿದೆ’ ಎಂದು ತೀರ್ಪು ಕೊಟ್ಟು, ಕಾಫಿ ಕುಡಿದು ಹೋದರು. ಕುಂಟು ಉಳಿದ ಮಾತ್ರಕ್ಕೆ ಹಾಗೆ ತೀರ್ಮಾನಿಸುವುದು ತಪ್ಪೆಂದು ನನ್ನ ಅಭಿಪ್ರಾಯ.

ನಡೆಯುವುದೆಂದರೆ ಒಂಟಿಗಾಲಿನಲ್ಲಿ ನಿಲ್ಲುವುದನ್ನು ಮತ್ತೆ ಮತ್ತೆ ಮಾಡುವುದು. ಎಡಗಾಲನ್ನು ಎತ್ತಿದ ಕ್ಷಣ ಆಧಾರ ತಪ್ಪಿದ ಎಡಬದಿಗೆ ಸೊಂಟ ಕುಸಿಯಲು ನೋಡುತ್ತದೆ. ಅದನ್ನು ಬಲಬದಿಯಿಂದ ಎಳೆದು ಹಿಡಿಯುವುದು ಮುಖ್ಯವಾಗಿ ಪೃಷ್ಠದ ಪಕ್ಕದಲ್ಲಿರುವ ಗ್ಲೂಟಿಯಸ್ ಮೀಡಿಯಸ್ ಎಂಬ ಸ್ನಾಯು. ಏತದ ಗಿಡ್ಡ ತುದಿಯನ್ನು ಹಿಡಿದು ಜಗ್ಗುವವನಂತೆ ಅದು ಎದುರಿನ ಭಾರಕ್ಕಿಂತ ಹೆಚ್ಚು ಬಲ ಹಾಕಬೇಕಾದ್ದರಿಂದ, ಸಾಧಾರಣ ನಡಿಗೆಯಲ್ಲೂ ಕೀಲಿನ ಮೇಲೆ ದೇಹತೂಕದ ಸುಮಾರು ಎರಡೂವರೆ ಪಟ್ಟು ಒತ್ತಡ ಬೀಳುತ್ತದೆ. ಸ್ನಾಯು ಸೋತಾಗ ಮನುಷ್ಯ ತನಗರಿವಿಲ್ಲದೆಯೇ ಮೈಯನ್ನು ಅದೇ ಬದಿಗೆ ವಾಲಿಸಿ ಭಾರವನ್ನು ಕೀಲಿನ ಸಮೀಪಕ್ಕೆ ತಂದುಕೊಳ್ಳುತ್ತಾನೆ. ಇಂಥ ನಡಿಗೆಯ ಮೂಲ ಸ್ನಾಯುವಿನಲ್ಲಿದೆಯೆಂದು ಜರ್ಮನಿಯ ಶಸ್ತ್ರವೈದ್ಯ ಟ್ರೆಂಡೆಲೆನ್‌ಬರ್ಗ್ 1895ರಲ್ಲೇ ತೋರಿಸಿದ್ದರು.

ಇಂಗ್ಲೆಂಡಿನ ಜಾನ್ ಚಾರ್ನ್‌ಲಿ 1962ರಲ್ಲಿ ಲೋಹದ ಗುಂಡು ಮತ್ತು ಪಾಲಿಥೀನ್ ಬಟ್ಟಲಿನ ಜೋಡಿಯನ್ನು ಯಶಸ್ವಿಯಾಗಿ ಕೂಡಿಸಿದಂದಿನಿಂದ ಸವೆದ ಕೀಲಿಗೆ ಬದಲಿ ಸಿಕ್ಕಿದೆ. ವರ್ಷಗಳ ಕಾಲ ದುಡಿಯದೆ ಸೊರಗಿದ ಸ್ನಾಯುವಿಗೆ ಬದಲಿಯಿಲ್ಲ. ಸಾಲದ್ದಕ್ಕೆ, ಕೀಲನ್ನು ಪಕ್ಕದಿಂದ ತಲುಪುವ ವಿಧಾನದಲ್ಲಿ ಅದೇ ಸ್ನಾಯುವಿನ ಒಂದು ಭಾಗವನ್ನು ಬಿಡಿಸಿ ಮತ್ತೆ ಹೊಲಿಯಬೇಕಾಗುತ್ತದೆ. ಕಾಲು ಉದ್ದವಾಗಿದೆ ಎಂಬ ದೂರೂ ಸಾಮಾನ್ಯ. ಕೆಲವೊಮ್ಮೆ ಅದು ನಿಜವೇ ಆಗಿರುತ್ತದೆ, ಆದರೆ ಅನೇಕರಲ್ಲಿ ಸೆಟೆದ ಸ್ನಾಯುಗಳು ಸೊಂಟವನ್ನು ಓರೆ ಮಾಡಿರುವುದರಿಂದ ಹಾಗೆ ಅನ್ನಿಸುತ್ತದೆ. ತಿಂಗಳುಗಳಲ್ಲಿ ತಾನಾಗಿ ಸರಿಹೋಗುವ ಇದಕ್ಕಾಗಿ ಮೊದಲ ವಾರದಲ್ಲೇ ಚಪ್ಪಲಿಗೆ ಅಟ್ಟೆ ಏರಿಸಲು ಓಡಬೇಕಿಲ್ಲ.

ನಮ್ಮಲ್ಲಿ ನಿಜವಾಗಿ ಎಡವುವುದು ಊರುಗೋಲಿನ ವಿಷಯದಲ್ಲಿ. ಅಮ್ಮ ಕೋಲನ್ನು ಬಲಗೈಯಲ್ಲೇ ಹಿಡಿಯುತ್ತಿದ್ದರು, ನಾವೂ ಅದೇ ಸರಿಯೆಂದುಕೊಂಡಿದ್ದೆವು. ಕೋಲು ಇರಬೇಕಾದದ್ದು ಎದುರು ಕೈಯಲ್ಲಿ: ಕೀಲಿನಿಂದ ದೂರವಿರುವ ಎಡಗೈಯ ಸಣ್ಣ ಒತ್ತಡವೂ ಬಲಬದಿಯ ಸ್ನಾಯುವಿನ ಹೊರೆಯನ್ನು ಬಹಳಷ್ಟು ಇಳಿಸುತ್ತದೆ. ಇದನ್ನು ಫಿಸಿಯೋಥೆರಪಿಸ್ಟ್ ಮೊದಲ ದಿನವೇ ಹೇಳಿದ್ದರಂತೆ. ನೋವು ಹೋದ ಮೇಲೆ ಅವರ ಬಳಿ ಹೋಗುವುದನ್ನೇ ನಿಲ್ಲಿಸಿದ್ದೆವು. ಲಕ್ಷಗಟ್ಟಲೆ ಖರ್ಚು ಮಾಡಿದ ಮನೆಗೆ ವ್ಯಾಯಾಮದ ಕೆಲವು ನೂರು ರೂಪಾಯಿ ದುಂದಾಗಿ ಕಂಡಿತ್ತು. ತಂಗಿಯ ಮಗಳ ಮದುವೆಗೆ ಹೋದಾಗ ಅಮ್ಮ ನಾಚಿಕೆಯಿಂದ ಕೋಲನ್ನು ಕಾರಿನಲ್ಲೇ ಬಿಟ್ಟು, ಛತ್ರದ ತುಂಬ ವಾಲಾಡುತ್ತ ಓಡಾಡಿದರು.

ಈಗ ದಿನಕ್ಕೆ ಎರಡು ಸಲ ಎಡಮಗ್ಗುಲಿಗೆ ಮಲಗಿ, ಮೊಣಕಾಲುಗಳ ನಡುವೆ ದಿಂಬಿಟ್ಟು, ಬಲಗಾಲನ್ನು ನಿಧಾನವಾಗಿ ಮೇಲೆತ್ತುತ್ತಾರೆ. ಮೊದಲ ವಾರ ಐದು ಸಲಕ್ಕೇ ಸುಸ್ತಾಗುತ್ತಿದ್ದವರು ಈಗ ಹದಿನೈದಕ್ಕೆ ಬಂದಿದ್ದಾರೆ. ವಾಲುವುದು ಪೂರ್ತಿ ಹೋಗಿಲ್ಲ. ಸಂಜೆ ದಣಿದಾಗ ಮಾತ್ರ ಎದ್ದು ಕಾಣುತ್ತದೆ, ಆಗ ಕೋಲು ಎಡಗೈಗೆ ಬರುತ್ತದೆ.